5 ಮತ್ತು 10 ವರ್ಷದ ಮಕ್ಕಳ ಜೊತೆ ಅಂಡಮಾನ್: ಜೀವಿಗಳನ್ನು ನೋಡೋಕೆ ಯಾವ ತಿಂಗಳು, ಯಾವ ದ್ವೀಪ?

ಮರಳೂರು ಅಮ್ಮ (ತುಮಕೂರು)

ಎಲ್ಲರಿಗೂ ನಮಸ್ಕಾರ. ಮಗನಿಗೆ 5, ಮಗಳಿಗೆ 10, ನಮ್ಮತ್ತೆಗೆ 66. ನಾವಿಬ್ಬರೂ ಸೇರಿ ಐದು ಜನ ಅಂಡಮಾನ್‌ಗೆ ಹೋಗೋ ಲೆಕ್ಕ. ಬೀಚಲ್ಲಿ ಫೋಟೊ ತೆಗೆಸಿಕೊಂಡು ಬರೋದಕ್ಕಲ್ಲ. ಹವಳ, ಆಮೆ, ಏಡಿ, ಆ ದ್ವೀಪಗಳಲ್ಲೇ ಇರೋ ಹಕ್ಕಿ, ಇವನ್ನು ಮಕ್ಕಳು ಕಣ್ಣಾರೆ ನೋಡಬೇಕು ಅನ್ನೋದು ಆಸೆ. ಇಬ್ಬರೂ ರಾಜ್ಯ ಪಠ್ಯಕ್ರಮದ ಶಾಲೆ, ಹಾಗಾಗಿ ದಸರಾ ರಜೆ ಇಲ್ಲವೇ ಬೇಸಿಗೆ ರಜೆ.

ಒಬ್ಬ ಏಜೆಂಟರು ಆರು ರಾತ್ರಿಯ ಪ್ಯಾಕೇಜ್ ಕೊಟ್ಟಿದ್ದಾರೆ. ಪೋರ್ಟ್ ಬ್ಲೇರ್, ರಾಸ್, ನಾರ್ತ್ ಬೇ, ಹ್ಯಾವ್‌ಲಾಕ್, ನೀಲ್, ಬಾರಾಟಾಂಗ್ ಎಲ್ಲಾ ಸೇರಿಸಿದ್ದಾರೆ. ಇದು ಮಕ್ಕಳಿಗೆ ಆಗುತ್ತಾ? ಮಗಳಿಗೆ ಚಾರ್ಮಾಡಿ ಘಾಟಿಯಲ್ಲೇ ವಾಂತಿ ಆಗುತ್ತೆ, ಹಡಗಲ್ಲಿ ಏನು ಮಾಡೋದು? ಮೊಸಳೆ ಭಯ ಎಷ್ಟು ನಿಜ? ನಾವು ಮೊಟ್ಟೆಯೂ ತಿನ್ನದವರು, ಊಟಕ್ಕೆ ಏನು ವ್ಯವಸ್ಥೆ ಮಾಡಿಕೊಳ್ಳಬೇಕು? ವಿವರವಾಗಿ ಬರೆದರೆ ಉಪಕಾರ.

ಚಿಂತಾಮಣಿ ಅಲೆಮಾರಿ

ಮೇಡಂ, ಮೊದಲು ತಿಂಗಳು ಗೊತ್ತು ಮಾಡಿ, ಉಳಿದಿದ್ದೆಲ್ಲ ಅದರ ಹಿಂದೆ ಬರುತ್ತೆ. ದಸರಾ ರಜೆ ಬೇಡ. ಅಕ್ಟೋಬರ್‌ನಲ್ಲಿ ಅಲ್ಲಿ ಮಳೆ ಮುಗಿದಿರಲ್ಲ, ಬಂಗಾಳ ಕೊಲ್ಲಿಯ ಚಂಡಮಾರುತದ ಕಾಲವೂ ಅದೇ. ಕಡಲು ಕದಡಿದ್ರೆ ನೀರು ಕಲಕಿ ಹವಳ ಕಾಣಲ್ಲ, ಫೆರ್ರಿಗಳೂ ರದ್ದಾಗುತ್ತವೆ. ನೈಋತ್ಯ ಮುಂಗಾರು ಕೇರಳಕ್ಕೆ ಜೂನ್ 1ರ ಹೊತ್ತಿಗೆ ಬಂದರೆ, ಅಂಡಮಾನ್ ಕಡಲಿಗೆ ಮೇ 20ರ ಆಸುಪಾಸಿಗೇ ಬಂದಿರುತ್ತೆ. ಅಂದ್ರೆ ನಿಮಗೆ ಸಿಗೋ ಒಳ್ಳೇ ಕಿಂಡಿ ಏಪ್ರಿಲ್ ಎರಡನೇ ವಾರದಿಂದ ಮೇ ಮೊದಲ ವಾರದವರೆಗೆ. ಸೆಕೆ ಇರುತ್ತೆ, ನಮ್ಮ ಬಯಲುಸೀಮೆಯ ಒಣ ಬಿಸಿಲಲ್ಲ, ಬೆವರು ಆರದ ಸೆಕೆ. ಆದರೆ ಆ ದಿನಗಳಲ್ಲಿ ಕಡಲು ಸಾಮಾನ್ಯವಾಗಿ ಶಾಂತ, ನೀರು ತಿಳಿ. ಮಗಳ ವಾಂತಿಗೂ ಇದೇ ಅರ್ಧ ಔಷಧಿ.

ಎರಡನೇದು, ಮಕ್ಕಳಿಗೆ ಏನು ಕಾಣುತ್ತೆ ಅನ್ನೋದನ್ನ ಈಗಲೇ ಸರಿಯಾಗಿ ಹೇಳಿ. ಬಂಡೀಪುರ ನೋಡಿದ ಮಕ್ಕಳು ಅಲ್ಲೂ ಆನೆ, ಹುಲಿ ಹುಡುಕ್ತಾರೆ. ಅಂಡಮಾನ್‌ನಲ್ಲಿ ಹುಲಿ, ಚಿರತೆ ಇಲ್ಲ. ಮೂಲದಿಂದ ಇರೋ ದೊಡ್ಡ ಪ್ರಾಣಿ ಅಂದ್ರೆ ಕಾಡುಹಂದಿಯೇ. ರಾಸ್ ದ್ವೀಪದ (ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ) ಚುಕ್ಕೆ ಜಿಂಕೆಗಳು ಬ್ರಿಟಿಷರು ತಂದು ಬಿಟ್ಟವು. ಹಿಡಿದು ತಿನ್ನೋ ಮೃಗ ಇಲ್ಲದ್ದರಿಂದ ಅವು ಬೇರೆ ದ್ವೀಪಗಳಿಗೂ ಹರಡಿ, ಕಾಡಿನ ಎಳೆ ಸಸಿಗಳನ್ನ ಮೇಯ್ದು ಮುಗಿಸ್ತಾ ಇವೆ. ಅವಕ್ಕೆ ಬಿಸ್ಕತ್ತು ತಿನ್ನಿಸೋದನ್ನ ಮಕ್ಕಳಿಗೆ ಕಲಿಸಬೇಡಿ. ದ್ವೀಪದ ನಿಜವಾದ ಸಂಪತ್ತು ಇರೋದು ನೀರಲ್ಲಿ, ಮರದ ಮೇಲೆ, ಹೋಟೆಲಿನ ಗೋಡೆಯಲ್ಲಿ. ಗೋಡೆ ಅಂದಿದ್ದು ಸುಮ್ಮನೆ ಅಲ್ಲ. ಅಂಡಮಾನ್ ಹಗಲು ಹಲ್ಲಿ ಅಂತ ಒಂದಿದೆ, ಗಿಳಿಹಸಿರು ಮೈಯಲ್ಲಿ ಕೆಂಪು ಚುಕ್ಕೆ. ನಮ್ಮನೆ ಹಲ್ಲಿ ರಾತ್ರಿ ಓಡಾಡಿದ್ರೆ ಇದು ಹಗಲಲ್ಲಿ. ಬಾಳೆಗಿಡ, ತೆಂಗಿನ ಮರ, ಮನೆಯ ಸೂರು ನೋಡ್ತಾ ಇದ್ರೆ ಐದು ವರ್ಷದವನಿಗೂ ಸಿಗುತ್ತೆ. ಆ ದ್ವೀಪಗಳಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲದ ಪ್ರಾಣಿ ಅದು.

ಈಗ ಪ್ಯಾಕೇಜ್. ಆರು ರಾತ್ರಿಗೆ ಆರು ಜಾಗ ಅಂದ್ರೆ ಮಕ್ಕಳು ನೋಡೋದು ಜೆಟ್ಟಿ, ಸಾಲು, ಲಗೇಜು. ನಾರ್ತ್ ಬೇ, ಬಾರಾಟಾಂಗ್ ಎರಡನ್ನೂ ತೆಗೆಸಿ. ಬದಲಿಗೆ ಜಾಲಿ ಬಾಯ್ ಸೇರಿಸಿ, ಒಂದು ರಾತ್ರಿ ಹೆಚ್ಚು ಮಾಡಿ. ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಶ್ರೀ ವಿಜಯಪುರಂ) ಎರಡು ರಾತ್ರಿ, ನೀಲ್‌ನಲ್ಲಿ ಎರಡು, ಹ್ಯಾವ್‌ಲಾಕ್‌ನಲ್ಲಿ ಎರಡು, ವಾಪಸ್ ಬಂದು ಪೋರ್ಟ್ ಬ್ಲೇರ್‌ನಲ್ಲಿ ಕಡೇ ರಾತ್ರಿ. ಈ ಕಡೇ ರಾತ್ರಿಯನ್ನ ಯಾರೇ ಹೇಳಿದ್ರೂ ಬಿಡಬೇಡಿ. ಹ್ಯಾವ್‌ಲಾಕ್‌ನಿಂದ ಬೆಳಿಗ್ಗೆ ಫೆರ್ರಿ ಹತ್ತಿ ಮಧ್ಯಾಹ್ನ ವಿಮಾನ ಹಿಡೀತೀವಿ ಅನ್ನೋರು, ಗಾಳಿ ಎದ್ದು ಫೆರ್ರಿ ನಿಂತ ದಿನ ವಿಮಾನದ ಟಿಕೆಟ್ಟೂ ಕಳ್ಕೋತಾರೆ.

ಜಾಲಿ ಬಾಯ್ ಇರೋದು ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ. 1983ರಲ್ಲಿ ಆದ ಉದ್ಯಾನ, 15 ದ್ವೀಪ, 281.5 ಚದರ ಕಿಲೋಮೀಟರ್. ಹವಳಕ್ಕೆ ಉಸಿರಾಡೋ ಬಿಡುವು ಸಿಗಲಿ ಅಂತ ವರ್ಷದಲ್ಲಿ ಸ್ವಲ್ಪ ಕಾಲ ಜಾಲಿ ಬಾಯ್, ಉಳಿದ ಕಾಲ ರೆಡ್ ಸ್ಕಿನ್, ಹೀಗೆ ಸರದಿ ಮೇಲೆ ತೆರೀತಾರೆ. ಏಪ್ರಿಲ್‌ನಲ್ಲಿ ಸಾಮಾನ್ಯವಾಗಿ ಜಾಲಿ ಬಾಯ್ ಸರದಿ. ಸೋಮವಾರ ರಜೆ. ಅರಣ್ಯ ಇಲಾಖೆಯ ಪರವಾನಗಿ ಮುಂಚೆಯೇ ತಗೋಬೇಕು, ಎಲ್ಲರ ಗುರುತಿನ ಚೀಟಿ ಬೇಕು. ಪ್ಲಾಸ್ಟಿಕ್ ಪೂರಾ ನಿಷಿದ್ಧ, ದೋಣಿ ಹತ್ತೋ ಮುಂಚೆ ಚೀಲ ಬಿಚ್ಚಿ ನೋಡ್ತಾರೆ. ಚಿಪ್ಸ್ ಪ್ಯಾಕೆಟ್, ಪೆಟ್ ಬಾಟಲಿ ಯಾವುದೂ ಒಳಗೆ ಹೋಗಲ್ಲ. ದ್ವೀಪದಲ್ಲಿ ಅಂಗಡಿ ಇಲ್ಲ. ಸ್ಟೀಲ್ ಡಬ್ಬಿಯಲ್ಲಿ ಊಟ, ಸ್ಟೀಲ್ ಬಾಟಲಿಯಲ್ಲಿ ತಲಾ ಒಂದೂವರೆ ಲೀಟರ್ ನೀರು ಇಟ್ಕೊಂಡೇ ಹೋಗಿ. ವಂಡೂರಿನಿಂದ ದೋಣಿ ಸುಮಾರು ಒಂದು ಗಂಟೆ, ದಾರಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಾಣುತ್ತೆ. ಅತ್ತೆಯವರಿಗೂ ಇದು ಒಳ್ಳೇದು. ತಳದಲ್ಲಿ ಗಾಜಿರೋ ದೋಣಿಯಲ್ಲಿ ಕೂತರೆ ಸಾಕು, ನೀರಿಗೆ ಇಳೀದೇ ಹವಳ ಕಾಣುತ್ತೆ.

ಬಂಗಾರಪೇಟೆ ಬೋಗಿ

ಫೆರ್ರಿ ವಿಷಯ ನಾನು ಹೇಳ್ತೀನಿ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಖಾಸಗಿ ಹಡಗು ಒಂದೂವರೆ ಗಂಟೆ, ಸರ್ಕಾರಿ ಫೆರ್ರಿ ಎರಡರಿಂದ ಎರಡೂವರೆ. ನೀಲ್‌ನಿಂದ ಹ್ಯಾವ್‌ಲಾಕ್ ಒಂದು ಗಂಟೆಯ ಒಳಗೆ. ಖಾಸಗಿಯದು ಏಸಿ, ಗಾಜು ಮುಚ್ಚಿದ್ದು. ಬೇಗ ತಲುಪುತ್ತೆ, ಆದರೆ ಓಡ್ತಾ ಇರೋವಾಗ ಹೊರಗೆ ನಿಲ್ಲೋಕೆ ಸಾಮಾನ್ಯವಾಗಿ ಬಿಡಲ್ಲ. ವಾಂತಿ ಬರೋ ಮಕ್ಕಳಿಗೆ ಮುಚ್ಚಿದ ಜಾಗವೇ ಶತ್ರು. ಸರ್ಕಾರಿ ಫೆರ್ರಿ ನಿಧಾನ, ಅಗ್ಗ, ಡೆಕ್ ಮೇಲೆ ಗಾಳಿಗೆ ನಿಲ್ಲಬಹುದು, ಅದೃಷ್ಟ ಇದ್ರೆ ಡಾಲ್ಫಿನ್, ಹಾರುಮೀನು ಕಾಣುತ್ತೆ. ಆದರೆ ಅದರ ಟಿಕೆಟ್ ಕೆಲವೇ ದಿನ ಮುಂಚೆ ಬಿಡ್ತಾರೆ, ಸ್ಥಳೀಯರಿಗೇ ಸಾಲಲ್ಲ. ರಜೆ ಕಾಲದಲ್ಲಿ ಐದು ಜನಕ್ಕೆ ಅದನ್ನ ನಂಬಿ ಹೋಗಬೇಡಿ. ವಿಮಾನದ ಟಿಕೆಟ್ ಆದ ದಿನವೇ ಖಾಸಗಿಯದು ಮೂರೂ ಹಂತ ಬುಕ್ ಮಾಡಿ, ಆಮೇಲೆ ಹೋಟೆಲ್. ಬಹಳ ಜನ ತಲೆಕೆಳಗು ಮಾಡ್ತಾರೆ: ಹೋಟೆಲ್ ಮೊದಲು ಹಿಡೀತಾರೆ, ಆಮೇಲೆ ಆ ದಿನದ ಫೆರ್ರಿಯಲ್ಲಿ ಸೀಟಿಲ್ಲ.

ಸೀಟು ಆರಿಸೋವಾಗ ಕೆಳ ಅಂತಸ್ತು, ಹಡಗಿನ ಮಧ್ಯದಿಂದ ಸ್ವಲ್ಪ ಹಿಂದೆ. ಮುಂದಿನ ಸಾಲು ನೋಟಕ್ಕೆ ಚೆನ್ನ ಅಂತ ದುಡ್ಡು ಹೆಚ್ಚು ಕೊಟ್ಟು ತಗೋತಾರೆ, ಎತ್ತಿ ಕುಕ್ಕೋದು ಅಲ್ಲೇ ಜಾಸ್ತಿ. ಬೆಳಿಗ್ಗೆಯ ಮೊದಲ ಹಡಗೇ ಇರಲಿ, ಮಧ್ಯಾಹ್ನಕ್ಕೆ ಗಾಳಿ ಏರುತ್ತೆ. ಖಾಲಿ ಹೊಟ್ಟೆ ಬೇಡ, ಪೂರಿಯೂ ಬೇಡ. ಹೊರಡೋ ಒಂದು ಗಂಟೆ ಮುಂಚೆ ಎರಡು ಇಡ್ಲಿ ಸಾಕು. ಮೊಬೈಲು, ಪುಸ್ತಕ ಕೊಡಬೇಡಿ. ಕಣ್ಣು ದೂರದ ಕಡಲಂಚಿನ ಮೇಲೆ ಇರಬೇಕು. ಒಳಗಿವಿ ಅಲುಗಾಟ ಹೇಳುತ್ತೆ, ಕಣ್ಣು ಅಲುಗಾಟ ಇಲ್ಲ ಅನ್ನುತ್ತೆ, ಈ ಎರಡರ ಜಗಳವೇ ವಾಂತಿ.

ತುಮಕೂರಿನಿಂದ ವಿಮಾನ ನಿಲ್ದಾಣಕ್ಕೆ ಬೆಂಗಳೂರು ಒಳಗೆ ಹೋಗೋ ಅಗತ್ಯ ಇಲ್ಲ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಪೀಣ್ಯ, ಹೆಬ್ಬಾಳದ ಗೊಂದಲ ತಪ್ಪುತ್ತೆ. ಬೆಂಗಳೂರಿನಿಂದ ನೇರ ವಿಮಾನ ಸುಮಾರು ಎರಡೂವರೆ ಗಂಟೆ. ಚೆನ್ನೈ ಮೇಲೆ ಬದಲಾಯಿಸೋದು ಅಗ್ಗ ಅನ್ನಿಸಿದ್ರೂ ಮಕ್ಕಳು, ಹಿರಿಯರು ಇದ್ದಾಗ ನೇರದ್ದೇ ತಗೊಳ್ಳಿ. ಕಿಟಕಿ ಸೀಟು ಇಳಿಯೋ ಹೊತ್ತಿಗೆ ಮಕ್ಕಳಿಗೆ ಇರಲಿ. ಹವಳದ ಅಂಚು ಹಸಿರು ಉಂಗುರದ ಥರ ಮೇಲಿನಿಂದಲೇ ಕಾಣುತ್ತೆ.

ಇನ್ನೊಂದು ಮಾತು, ಗಡಿಯಾರ ನಮ್ಮದೇ ಆದರೂ ಸೂರ್ಯ ಅಲ್ಲಿ ಸುಮಾರು ಒಂದು ಗಂಟೆ ಮುಂಚೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ 5 ಗಂಟೆ ದಾಟುತ್ತಿದ್ದಂತೆ ಬೆಳಕು, ಸಂಜೆ ಐದೂವರೆಗೆ ಮುಳುಗು. ಮಕ್ಕಳನ್ನ ನಾಲ್ಕೂಮುಕ್ಕಾಲಿಗೆ ಎಬ್ಬಿಸಿ, ರಾತ್ರಿ ಎಂಟಕ್ಕೆ ಮಲಗಿಸಿ. ಇಲ್ಲಿನ ಹೊತ್ತಿಗೆ ಎದ್ದರೆ ಹಕ್ಕಿಗಳ ಹೊತ್ತು ಮುಗಿದಿರುತ್ತೆ.

ಶಿರಾ ಬಣ್ಣದ ಕೊಕ್ಕರೆ

ಮೇಲಿನವರು ಜಾಗ, ದಾರಿ ಹೇಳಿದ್ದಾರೆ. ನಾನು ಸೇರಿಸೋದು ಒಂದೇ ವಿಷಯ, ಅದನ್ನೇ ಹೆಚ್ಚಿನವರು ಬಿಡ್ತಾರೆ: ಉಬ್ಬರ ಇಳಿತ. ದ್ವೀಪದ ಜೀವಿಗಳ ಟೈಂಟೇಬಲ್ ಅದು. ಮಕ್ಕಳಿಗೆ ಸ್ನಾರ್ಕಲ್‌ಗಿಂತ (ಮಾಸ್ಕ್, ಉಸಿರಿನ ಕೊಳವೆ ಹಾಕ್ಕೊಂಡು ತೇಲ್ತಾ ನೀರೊಳಗೆ ನೋಡೋದು) ಹೆಚ್ಚು ಕೊಡೋದು ನೀರು ಇಳಿದಾಗ ಬಂಡೆ ಸಂದಿಯಲ್ಲಿ ಉಳಿಯೋ ಮಡುಗಳು. ಈಜು ಬೇಡ, ದುಡ್ಡು ಬೇಡ, ಭಯ ಇಲ್ಲ. ಸನ್ಯಾಸಿ ಏಡಿ, ಕಡಲ ಸೌತೆ, ಹಾವಿನ ಬಾಲದಂಥ ಕೈಗಳ ನಕ್ಷತ್ರಮೀನು, ನೀಲಿ ಹಸಿರು ತುಟಿಯ ದೊಡ್ಡ ಕಪ್ಪೆಚಿಪ್ಪು, ಸಣ್ಣ ಆಕ್ಟೋಪಸ್ ಕೂಡ. ನೀಲ್ ದ್ವೀಪದಲ್ಲಿ (ಶಹೀದ್ ದ್ವೀಪ) ಲಕ್ಷ್ಮಣಪುರ ಎರಡನೇ ಬೀಚಿನ ಕಲ್ಲು ಕಮಾನಿನ ಹತ್ತಿರ ಇದು ಅತ್ಯಂತ ಚೆನ್ನಾಗಿದೆ. ನೀರು ಏರಿದಾಗ ಹೋದರೆ ಅಲ್ಲಿ ಏನೂ ಕಾಣಲ್ಲ, ಕಮಾನಿನ ತನಕ ನಡೆಯೋಕೂ ಆಗಲ್ಲ. "ನೀಲ್‌ನಲ್ಲಿ ಏನೂ ಇಲ್ಲ" ಅಂತ ಬರೆಯೋರಲ್ಲಿ ಬಹಳ ಜನ ಈ ತಪ್ಪು ಹೊತ್ತಲ್ಲಿ ಹೋದೋರು.

ಲೆಕ್ಕ ಸುಲಭ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಮೇಲೆ ಸ್ವಲ್ಪ. ಪ್ರತಿ ದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆಯ ಮುಂದಿನ ಎರಡು ಮೂರು ದಿನ ನೀರು ಅತಿ ಹೆಚ್ಚು ಇಳಿಯುತ್ತೆ, ಅತಿ ಹೆಚ್ಚು ಏರುತ್ತೆ. ಅಷ್ಟಮಿ ಹೊತ್ತಿಗೆ ವ್ಯತ್ಯಾಸ ಕಮ್ಮಿ. ಪಂಚಾಂಗ ನೋಡಿ ನೀಲ್‌ನ ಎರಡು ದಿನ ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ಆಸುಪಾಸು ಬರೋ ಹಾಗೆ ಇಟ್ಕೊಳ್ಳಿ, ಗಂಟೆಯನ್ನ ಪೋರ್ಟ್ ಬ್ಲೇರ್ ಉಬ್ಬರದ ಪಟ್ಟಿಯಲ್ಲಿ ನೋಡಿ. ಪೂರ್ತಿ ಇಳಿಯೋ ಹೊತ್ತಿಗಿಂತ ಒಂದು ಗಂಟೆ ಮುಂಚೆ ಇಳೀಬೇಕು, ಇಳಿತ ಮುಗಿದ ಅರ್ಧ ಗಂಟೆಗೆ ವಾಪಸ್ ಹೊರಡಬೇಕು. ನೀರು ಎದುರಿನಿಂದಷ್ಟೇ ಬರಲ್ಲ, ಬೆನ್ನ ಹಿಂದಿನ ತಗ್ಗುಗಳಲ್ಲೂ ತುಂಬ್ಕೊಂಡು ಬರುತ್ತೆ. ಅಜ್ಜಿ, ಮಗು ಇದ್ರೆ ಇದು ಮುಖ್ಯ. ಅದೇ ದಿನ, ಇಳಿತ ಆಗಿ ಆರು ತಾಸು ಕಳೆದ ಮೇಲೆ ನೀರು ತುಂಬಿರುತ್ತಲ್ಲ, ಆಗ ಭರತಪುರ ಬೀಚಿನಲ್ಲಿ ಗಾಜಿನ ದೋಣಿ, ಸ್ನಾರ್ಕಲ್. ಹೊತ್ತು ಹಗಲಲ್ಲಿ ಬಿದ್ದರೆ ಎರಡೂ ಒಂದೇ ದಿನ ಆಯ್ತು.

ಮಡುಗಳ ನಿಯಮ ಮೂರು. ಕಾಲಿಡೋದು ಮರಳ ಮೇಲೆ, ಬೋಳು ಬಂಡೆ ಮೇಲೆ ಮಾತ್ರ, ಹವಳದ ಮೇಲಲ್ಲ. ಕೈ ಬೆನ್ನ ಹಿಂದೆ. ಕಲ್ಲು ತಿರುಗಿಸಬಾರದು, ಸಂದಿಗೆ ಬೆರಳು ಹಾಕಬಾರದು. ಕಲ್ಲುಮೀನು ಅನ್ನೋದು ಥೇಟ್ ಪಾಚಿ ಹಿಡಿದ ಕಲ್ಲಿನ ಹಾಗೇ ಕೂತಿರುತ್ತೆ, ಬೆನ್ನ ಮುಳ್ಳಲ್ಲಿ ವಿಷ. ಶಂಕುವಿನಾಕಾರದ ಚೆಂದದ ಚಿಪ್ಪಿನ ಬಸವನಹುಳು ಇದೆ, ಅದನ್ನ ಕೈಗೆ ತಗೊಂಡ್ರೆ ಚುಚ್ಚುತ್ತೆ, ಪ್ರಾಣಕ್ಕೇ ಬರಬಹುದು. ಆದ್ದರಿಂದ ಯಾವ ಚಿಪ್ಪನ್ನೂ ಮುಟ್ಟಬಾರದು ಅನ್ನೋ ಒಂದೇ ಮಾತು ಮಕ್ಕಳಿಗೆ ಸಾಕು. ಕಾಲಿಗೆ ಬೆರಳು ಮುಚ್ಚೋ, ದಪ್ಪ ರಬ್ಬರ್ ತಳದ ನೀರಿನ ಶೂ. ಸ್ಯಾಂಡಲ್ ಆಗಲ್ಲ.

ಹೊರಡೋ ಮುಂಚೆ ಊರಲ್ಲೇ ಅಭ್ಯಾಸ ಮಾಡಿಸಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋ ಕಾಲ ಫೆಬ್ರವರಿ, ಮಾರ್ಚ್. ಅಲ್ಲಿ ಅರ್ಧ ಗಂಟೆ ಸದ್ದಿಲ್ಲದೆ ಕೂರೋಕೆ ಬಂದರೆ, ಪೋರ್ಟ್ ಬ್ಲೇರ್ ಕಡೆಯ ಹಕ್ಕಿ ನೋಡೋ ಜಾಗ ಚಿಡಿಯಾ ತಾಪುವಿನಲ್ಲೂ ಬರುತ್ತೆ. ಮಧುಗಿರಿ ಕಡೆ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಪ್ರದೇಶದಲ್ಲಿ ದುರ್ಬೀನು ಹಿಡಿಯೋದು ಕಲಿಸಿ. ಹತ್ತು ವರ್ಷದವಳಿಗೆ 8x30 (ಎಂಟು ಪಟ್ಟು ದೊಡ್ಡದಾಗಿ ತೋರಿಸೋದು) ಸಾಕು. 10x ಕೊಂಡರೆ ಸಣ್ಣ ಕೈಯಲ್ಲಿ ನಡುಗಿ ಏನೂ ನಿಲ್ಲಲ್ಲ. ಒಂದು ಭಾನುವಾರ ರಂಗನತಿಟ್ಟಿಗೆ ಹೋಗಿ ಬನ್ನಿ. ಅದೂ ಕಾವೇರಿಯ ಪುಟ್ಟ ದ್ವೀಪಗಳೇ ತಾನೆ. ಲೈಫ್ ಜಾಕೆಟ್ ಹಾಕ್ಕೊಂಡು ದೋಣಿಯಲ್ಲಿ ಕೂರೋ ಅಭ್ಯಾಸವೂ ಆಯ್ತು, ಹೆಜ್ಜಾರ್ಲೆ, ಮೊಸಳೆ ನೋಡಿದ ಹಾಗೂ ಆಯ್ತು.

ಸ್ನಾರ್ಕಲ್ ಮಾಸ್ಕ್ ಮಕ್ಕಳ ಅಳತೆಯದನ್ನ ಇಲ್ಲಿಂದಲೇ ತಗೊಂಡು ಹೋಗಿ, ಅಲ್ಲಿ ಬಾಡಿಗೆಗೆ ಸಿಗೋದು ದೊಡ್ಡವರದು. ಪರೀಕ್ಷೆ ಹೀಗೆ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಲ್ಲಿ ಉಸಿರು ಎಳೆದರೆ ಮಾಸ್ಕ್ ತಾನೇ ಅಂಟ್ಕೊಂಡು ನಿಲ್ಲಬೇಕು. ಬಿದ್ದರೆ ಆ ಅಳತೆ ಬೇಡ. ಸಿಲಿಕೋನ್ ಅಂಚಿನ ಕೆಳಗೆ ಒಂದು ಎಳೆ ಕೂದಲು ಸಿಕ್ಕಿದ್ರೂ ನೀರು ಒಸರುತ್ತೆ, ಹುಡುಗಿಯ ಜಡೆ ಹಿಂದಕ್ಕೆ ಬಿಗಿಯಾಗಿ ಕಟ್ಟಿ. ಗಾಜು ಮಂಜಾಗದಂತೆ ಮಕ್ಕಳ ಶಾಂಪೂ ಒಂದು ತೊಟ್ಟು ಒಳಗೆ ಸವರಿ ತೊಳೀಬೇಕು. ಮನೆಯಲ್ಲಿ ಅಗಲ ಬೇಸನ್‌ನಲ್ಲಿ ನೀರು ಹಾಕಿ, ಮುಖ ಮುಳುಗಿಸಿ ಬಾಯಲ್ಲಿ ಉಸಿರಾಡೋದನ್ನ ಹದಿನೈದು ದಿನ ಮಾಡಿಸಿ. ಮುಖಪೂರ್ತಿ ಮುಚ್ಚೋ ಮಾಸ್ಕ್ ಮಕ್ಕಳಿಗೆ ಬೇಡವೇ ಬೇಡ, ಗಾಬರಿಯಾದಾಗ ಅವರ ಕೈಯಲ್ಲಿ ಬೇಗ ಕಿತ್ತೆಸೆಯೋಕೆ ಬರಲ್ಲ. ನೀರು ಬೆಚ್ಚಗಿದ್ರೂ ಸಣ್ಣವನು 20 ನಿಮಿಷಕ್ಕೆ ನಡುಗ್ತಾನೆ. ತುಟಿ ನೀಲಿಯಾಗೋ ತನಕ ಕಾಯಬೇಡಿ, ಎತ್ತಿ ಒರೆಸಿ.

ಮರಳೂರು ಅಮ್ಮ

ಇಷ್ಟು ವಿವರಕ್ಕೆ ತುಂಬಾ ಧನ್ಯವಾದ. ಬಾರಾಟಾಂಗ್ ತೆಗೆಸಿ ಅಂದಿರಿ, ಏಜೆಂಟರು ಅದೇ "ಮಕ್ಕಳಿಗೆ ಹೈಲೈಟ್" ಅಂತಾರೆ. ಕಾರಣ ತಿಳಿಸ್ತೀರಾ? ಆಮೆ ಎಲ್ಲಿ? ಮೊಸಳೆ ಬಗ್ಗೆಯೂ ಯಾರೂ ಹೇಳಲಿಲ್ಲ.

ಗೌರಿಬಿದನೂರು ಘಾಟಿ

ಬಾರಾಟಾಂಗ್‌ನಲ್ಲಿ ಸುಣ್ಣಕಲ್ಲಿನ ಗುಹೆ, ಕಾಂಡ್ಲಾ ಸುರಂಗದಂಥ ದೋಣಿ ದಾರಿ, ಸಂಜೆ ಗಿಳಿಗಳು ಸಾವಿರಗಟ್ಟಲೆ ಬಂದು ಕೂರೋ ದ್ವೀಪ ಎಲ್ಲಾ ಇದೆ. ಮಗಳಿಗೆ 10 ವರ್ಷ, ಅವಳಿಗಾದ್ರೂ ತೋರಿಸಬಹುದಲ್ಲ? ಪೂರಾ ಬೇಡ ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಚಿಂತಾಮಣಿ ಅಲೆಮಾರಿ

ಅಣ್ಣ, ಗುಹೆ ಚೆನ್ನಾಗಿದೆ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಆ ರಸ್ತೆ ಹೋಗೋದು ಜಾರವಾ ಅನ್ನೋ ಆದಿವಾಸಿ ಜನರ ಮೀಸಲು ಕಾಡಿನೊಳಗೆ. ಜಿರ್ಕಾಟಾಂಗ್ ಗೇಟಿನಿಂದ ನಿಗದಿತ ಹೊತ್ತಿಗೆ ವಾಹನಗಳನ್ನ ಸಾಲಾಗಿ ಬಿಡ್ತಾರೆ, ಮೊದಲ ಸಾಲು ಬೆಳಿಗ್ಗೆ 6ಕ್ಕೆ. ಅದನ್ನ ಹಿಡೀಬೇಕಾದ್ರೆ ಐದು ವರ್ಷದ ಮಗುವನ್ನ ರಾತ್ರಿ ಮೂರೂವರೆಗೆ ಎಬ್ಬಿಸಬೇಕು, ವಾಪಸ್ ಬರೋದು ಸಂಜೆ. ಗಿಳಿಗಳು ಸಂಜೆಯೇ ಬರೋದ್ರಿಂದ ಅದನ್ನ ನೋಡಬೇಕಾದ್ರೆ ಅಲ್ಲೇ ಉಳೀಬೇಕು, ಒಂದು ದಿನದ ಪ್ಯಾಕೇಜಲ್ಲಿ ಅದು ಸಿಗಲ್ಲ. ದಾರಿಯಲ್ಲಿ ನಿಲ್ಲಿಸೋದು, ಫೋಟೊ ತೆಗೆಯೋದು, ತಿಂಡಿ ಕೊಡೋದು 1956ರ ಆದಿವಾಸಿ ರಕ್ಷಣಾ ನಿಯಮದ ಪ್ರಕಾರ ಅಪರಾಧ. ಅಷ್ಟಾದ್ರೂ ಕೆಲವು ಏಜೆಂಟರು "ಕಾಣ್ತಾರೆ" ಅನ್ನೋದನ್ನೇ ಆಸೆ ತೋರಿಸ್ತಾರೆ. ಪ್ರಾಣಿ ನೋಡೋ ಪ್ರವಾಸದಲ್ಲಿ ಮನುಷ್ಯರನ್ನ ಕಿಟಕಿಯಿಂದ ನೋಡೋ ಪಾಠ ಮಕ್ಕಳಿಗೆ ಬೇಡ. ಹೊರಗಿನ ಸೋಂಕು ಅವರಿಗೆ ದೊಡ್ಡ ಅಪಾಯ, 1999ರಲ್ಲಿ ದಡಾರ ಅವರಲ್ಲಿ ಹರಡಿತ್ತು. ನೆಗಡಿ ಹಿಡಿದ ಮಕ್ಕಳ ಸಮೇತ ನೂರಾರು ವಾಹನ ದಿನಾ ಅವರ ಮನೆಯಂಗಳದಲ್ಲಿ ಹಾದು ಹೋಗೋದು ಸರಿ ಅಂತ ನನಗೆ ಅನ್ನಿಸಲ್ಲ.

ಗಿಳಿ ನೋಡಬೇಕಾದ್ರೆ ಚಿಡಿಯಾ ತಾಪುವೇ ಸಾಕು, ಪೋರ್ಟ್ ಬ್ಲೇರ್‌ನಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ. ಬೆಳಿಗ್ಗೆ ಐದೂವರೆಯಿಂದ ಏಳೂವರೆ ಒಳಗೆ ರಸ್ತೆ ಬದಿಯಲ್ಲೇ ನಡೀತಾ ಹೋಗಿ. ಉದ್ದ ಬಾಲದ ಗಿಳಿ, ಕಪ್ಪನೆಯ ಅಂಡಮಾನ್ ಮರಕುಟಿಗ, ಅಂಡಮಾನ್ ಕಾಜಾಣ, ನಮ್ಮ ಕೆಂಬೂತದ ತಮ್ಮನಂತಿರೋ ಕಂದು ಮೈಯ ಅಂಡಮಾನ್ ಕೆಂಬೂತ. ವಂಡೂರಿನ ದಾರಿಯಲ್ಲಿ ಸಿಪ್ಪಿಘಾಟ್ ಹತ್ತಿರ ಇಳಿಸಿ. 2004ರ ಸುನಾಮಿ ತಂದ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿದು, ಹೊಲಗಳಿದ್ದ ಜಾಗ ಉಪ್ಪುನೀರಿನ ಜೌಗಾಯ್ತು. ಈಗ ಅಲ್ಲಿ ನೀರಹಕ್ಕಿಗಳು. ಒಣಗಿದ ತೆಂಗಿನ ಬೊಡ್ಡೆಗಳನ್ನ ತೋರಿಸಿ ಹೇಳಿದ್ರೆ ಹತ್ತು ವರ್ಷದವಳಿಗೆ ಭೂಗೋಳ ತಾನೇ ಅರ್ಥ ಆಗುತ್ತೆ.

ಆಮೆ ವಿಷಯ. ಮೊಟ್ಟೆ ಇಡೋ ಕಾಲ ಹೆಚ್ಚಾಗಿ ಡಿಸೆಂಬರ್‌ನಿಂದ ಏಪ್ರಿಲ್, ಜಾಗ ದೂರ. ಉತ್ತರದ ಡಿಗ್ಲಿಪುರದ ಕಾಲಿಪುರ ಬೀಚಿಗೆ ನಾಲ್ಕು ಜಾತಿಯ ಕಡಲಾಮೆ ಬರುತ್ತವೆ. ಆದರೆ ಪೋರ್ಟ್ ಬ್ಲೇರ್‌ನಿಂದ ರಸ್ತೆಯಲ್ಲಿ ಹತ್ತು ಹನ್ನೆರಡು ಗಂಟೆ, ಅದೂ ಅದೇ ಮೀಸಲು ಕಾಡಿನ ಮೂಲಕ. ಈ ಸಲ ಬಿಡಿ, ಸಣ್ಣವನು ಹತ್ತು ದಾಟಲಿ. ಸ್ನಾರ್ಕಲ್ ಮಾಡೋವಾಗ ಹುಲ್ಲು ಮೇಯೋ ಹಸಿರು ಆಮೆ ಕಂಡರೆ ಅದು ಭಾಗ್ಯ. ಕಂಡರೆ ಅಟ್ಟಿಸಿಕೊಂಡು ಹೋಗಬಾರದು, ಅದು ಉಸಿರಿಗೆ ಮೇಲೆ ಬರೋ ದಾರಿಗೆ ಅಡ್ಡ ನಿಲ್ಲಬಾರದು.

ಮೊಸಳೆ ನಿಜ. ನಮ್ಮ ಹೊಳೆ ಮೊಸಳೆ ಅಲ್ಲ, ಉಪ್ಪುನೀರಿನದು, ಕಡಲಲ್ಲೇ ದ್ವೀಪದಿಂದ ದ್ವೀಪಕ್ಕೆ ಈಜುತ್ತೆ. 2010ರಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನ ಪಕ್ಕದ ಕೊಲ್ಲಿಯಲ್ಲಿ ಒಬ್ಬ ವಿದೇಶಿ ಪ್ರವಾಸಿ ಬಲಿಯಾದರು. ಹಾಗಂತ ಹೆದರಿ ಹೋಗದೇ ಇರೋದಲ್ಲ. ತೊರೆ ಬಂದು ಕಡಲು ಸೇರೋ ಜಾಗ, ಕಾಂಡ್ಲಾ ಗಿಡಗಳ ಅಂಚು, ಕಲಕಿದ ನೀರು, ಮುಂಜಾವು ಮುಸ್ಸಂಜೆ ಇವಿಷ್ಟರಲ್ಲಿ ಪಾದ ಕೂಡ ಇಡಬೇಡಿ. ಎಚ್ಚರಿಕೆ ಫಲಕ ಇದ್ದ ಕಡೆ, ಜೀವರಕ್ಷಕರು ಇಲ್ಲದ ಕಡೆ ಇಳೀಬೇಡಿ. ರಾಧಾನಗರದಲ್ಲಿ ಜನ ಇರೋ ಮಧ್ಯಭಾಗದಲ್ಲೇ ಆಡಿ. ಬಲತುದಿಯ ಕೊಲ್ಲಿ ಫೋಟೊಗೆ ಚೆಂದ ಅಂತ ಹೋಗ್ತಾರೆ, ಬೇಡ.

ತಿಪಟೂರು ಸಿಸ್ಟರ್

ಔಷಧಿ ಪೆಟ್ಟಿಗೆ ಬಗ್ಗೆ. ವಾಂತಿ ತಡೆಯೋ ಮಾತ್ರೆಯನ್ನ ಹೊರಡೋ 30ರಿಂದ 60 ನಿಮಿಷ ಮುಂಚೆ ಕೊಡಬೇಕು, ಶುರುವಾದ ಮೇಲೆ ಕೊಟ್ಟರೆ ಹೊರಗೇ ಬರುತ್ತೆ. ಯಾವುದು, ಎಷ್ಟು ಅನ್ನೋದನ್ನ ಮಕ್ಕಳ ಡಾಕ್ಟರ್ ತೂಕ ನೋಡಿ ಬರೆದು ಕೊಡಲಿ. ಕೆಲವು ಮಾತ್ರೆಗೆ ಮಕ್ಕಳು ಗಾಢ ನಿದ್ದೆ ಮಾಡ್ತಾರೆ, ಕೆಲವರು ಉಲ್ಟಾ ಚಡಪಡಿಸ್ತಾರೆ. ಆದ್ದರಿಂದ ಒಂದು ಸಲ ಊರಲ್ಲೇ ಕಾರ್ ಪ್ರಯಾಣದಲ್ಲಿ ಕೊಟ್ಟು ನೋಡಿ.

ಅಲ್ಲಿ ಮಕ್ಕಳನ್ನ ಹೆಚ್ಚು ಕಾಡೋದು ಮೊಸಳೆಯಲ್ಲ, ಸ್ಯಾಂಡ್‌ಫ್ಲೈ. ಕಣ್ಣಿಗೆ ಕಾಣದಷ್ಟು ಸಣ್ಣ ನೊಣ, ಒದ್ದೆ ಮರಳಲ್ಲಿ ಇರುತ್ತೆ. ಕಚ್ಚಿದಾಗ ಗೊತ್ತಾಗಲ್ಲ, ಮರುದಿನ ಕೆರೆದು ಕೆರೆದು ಗಾಯ. ಬರೀ ಮರಳ ಮೇಲೆ ಕೂರಿಸಬೇಡಿ, ಚಾಪೆ ಹಾಸಿ. ಮೊಣಕಾಲ ಕೆಳಗೆ ಕೊಬ್ಬರಿ ಎಣ್ಣೆಯನ್ನ ಜಿಡ್ಡು ನಿಲ್ಲೋ ಹಾಗೆ ದಪ್ಪಗೆ ಬಳಿದರೆ ನೊಣ ಅದರಲ್ಲೇ ಅಂಟ್ಕೊಳ್ಳುತ್ತೆ. ಉಗುರು ಹೊರಡೋ ಮುಂಚೆ ಕತ್ತರಿಸಿ. ಕ್ಯಾಲಮೈನ್ ಲೋಷನ್ ಇರಲಿ.

ಕರಿ ಮುಳ್ಳುಂಡೆ (ಸೀ ಅರ್ಚಿನ್) ಅಥವಾ ಕಲ್ಲುಮೀನು ಚುಚ್ಚಿದ್ರೆ ಐಸ್ ಅಲ್ಲ, ಬಿಸಿನೀರು. ಆ ವಿಷ ಶಾಖಕ್ಕೆ ಕೆಡುತ್ತೆ. ಸುಮಾರು 45 ಡಿಗ್ರಿ, ಅಂದ್ರೆ ದೊಡ್ಡವರು ತಮ್ಮ ಕೈ ಅದ್ದಿ ತಡ್ಕೊಳ್ಳೋವಷ್ಟು ಬಿಸಿ, 30ರಿಂದ 90 ನಿಮಿಷ. ಪೆಟ್ಟಾದ ಕಾಲಿನಿಂದ ಬಿಸಿ ನೋಡಬಾರದು, ನೋವಲ್ಲಿ ಸುಟ್ಟಿದ್ದೂ ತಿಳಿಯಲ್ಲ. ಕಲ್ಲುಮೀನಾದ್ರೆ ಬಿಸಿನೀರಲ್ಲಿ ಕಾಲಿಟ್ಟುಕೊಂಡೇ ಆಸ್ಪತ್ರೆಗೆ ಹೊರಡಿ. ಜೆಲ್ಲಿಫಿಶ್ ತಗುಲಿದ್ರೆ ಉಜ್ಜಬಾರದು, ಸಿಹಿನೀರು ಹಾಕಬಾರದು. ಕಡಲ ನೀರಲ್ಲೇ ತೊಳೆದು ಎಳೆಗಳನ್ನ ಚಿಮಟದಲ್ಲಿ ತೆಗೀಬೇಕು. ಉಸಿರಾಟ ಹೆಚ್ಚುಕಮ್ಮಿ ಆದ್ರೆ ತಕ್ಷಣ ಆಸ್ಪತ್ರೆ. ಹವಳ ತರಚಿದ ಗಾಯ ಸಣ್ಣದಾದ್ರೂ ಸೋಪು, ಶುದ್ಧ ನೀರಲ್ಲಿ ಚೆನ್ನಾಗಿ ತಿಕ್ಕಿ ತೊಳೀರಿ. ಪುಡಿ ಒಳಗೆ ಉಳಿದ್ರೆ ಕೀವಾಗುತ್ತೆ. ಟೆಟನಸ್ ಲಸಿಕೆ ಎಲ್ಲರದೂ ಸರಿಯಿದೆಯಾ ನೋಡ್ಕೊಳ್ಳಿ. ಅತ್ತೆಯವರ ಬಿಪಿ, ಶುಗರ್ ಮಾತ್ರೆ ಮೂರು ದಿನದ್ದು ಹೆಚ್ಚಿಗೆ ಇರಲಿ, ಫೆರ್ರಿ ನಿಂತರೆ ಬೇಕಾಗುತ್ತೆ. ವಾಪಸ್ ಬಂದ ಕೆಲವು ವಾರದೊಳಗೆ ಜ್ವರ ಬಂದ್ರೆ ಅಂಡಮಾನ್‌ಗೆ ಹೋಗಿದ್ದನ್ನ ಡಾಕ್ಟರಿಗೆ ಹೇಳಲೇಬೇಕು, ಮಲೇರಿಯಾ ನೋಡಬೇಕಾಗುತ್ತೆ.

ಊಟಕ್ಕೆ ಚಿಂತೆ ಇಲ್ಲ, ಪೋರ್ಟ್ ಬ್ಲೇರ್ ಮತ್ತು ಹ್ಯಾವ್‌ಲಾಕ್‌ನಲ್ಲಿ ಇಡ್ಲಿ, ದೋಸೆ, ಸಸ್ಯಾಹಾರಿ ಊಟ ಸಿಗುತ್ತೆ. ನೀಲ್‌ನಲ್ಲಿ ಆಯ್ಕೆ ಕಮ್ಮಿ, ಮೊದಲೇ ಹೇಳಿಟ್ಟರೆ ಮಾಡಿಕೊಡ್ತಾರೆ. ಹುರಿಹಿಟ್ಟು, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ ಇದ್ರೆ ಜಾಲಿ ಬಾಯ್ ದಿನಕ್ಕೂ ಆಯ್ತು. ನಮ್ಮೂರಿನವರಿಗೆ ವಿಶೇಷ ಸೂಚನೆ: ಇಡೀ ಒಣ ಕೊಬ್ಬರಿ ಬ್ಯಾಗಿಗೆ ಹಾಕಬೇಡಿ. ಎಣ್ಣೆಯಂಶದಿಂದ ತಾನೇ ಹೊತ್ತಿಕೊಳ್ಳೋ ಗುಣ ಇರೋದ್ರಿಂದ ವಿಮಾನದಲ್ಲಿ ಅದು ನಿಷಿದ್ಧ, ನಿಲ್ದಾಣದಲ್ಲಿ ತೆಗೆಸ್ತಾರೆ. ಕೊಬ್ಬರಿ ಎಣ್ಣೆಯನ್ನೂ ಕೈಚೀಲದಲ್ಲಿ 100 ಮಿಲಿಗಿಂತ ಹೆಚ್ಚು ಬಿಡಲ್ಲ.

ಬಂಗಾರಪೇಟೆ ಬೋಗಿ

ವಾಪಸ್ ಬರೋವಾಗ ಇನ್ನೊಂದು. ಮಕ್ಕಳ ಜೇಬು, ಶೂ, ಮರಳಾಟದ ಬಕೆಟ್ಟು ಎಲ್ಲಾ ಹಿಂದಿನ ರಾತ್ರಿಯೇ ನೋಡಿ. ಬೀಚಲ್ಲಿ ಬಿದ್ದಿರೋ ಸತ್ತ ಹವಳದ ತುಂಡು ತರೋದೂ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು, ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಹಿಡೀತಾರೆ. ಚಿಪ್ಪಿನ ವಿಷಯ ಮಕ್ಕಳಿಗೆ ಹೇಳೋದು ಸುಲಭ: ಸನ್ಯಾಸಿ ಏಡಿಗೆ ಸ್ವಂತ ಚಿಪ್ಪಿಲ್ಲ, ಬೆಳೆದಂತೆಲ್ಲ ದೊಡ್ಡ ಖಾಲಿ ಚಿಪ್ಪು ಹುಡುಕಬೇಕು. ನಾವು ಎತ್ತಿಕೊಂಡು ಬಂದರೆ ಅದಕ್ಕೆ ಮನೆ ಇಲ್ಲ. ಐದು ವರ್ಷದವನೂ ಕೈಯಲ್ಲಿದ್ದದ್ದನ್ನ ಕೆಳಗಿಡ್ತಾನೆ.

ನೀಲ್‌ನಲ್ಲಿ ಎಟಿಎಂ, ನೆಟ್‌ವರ್ಕ್ ಎರಡನ್ನೂ ನಂಬಬೇಡಿ. ನಗದು ಪೋರ್ಟ್ ಬ್ಲೇರ್‌ನಲ್ಲೇ ತಗೊಳ್ಳಿ, ಫೆರ್ರಿ ಟಿಕೆಟ್, ಮಕ್ಕಳ ಆಧಾರ್ ಕಾಗದದಲ್ಲಿ ಪ್ರಿಂಟ್ ಇರಲಿ.

ಮರಳೂರು ಅಮ್ಮ

ಏಜೆಂಟರಿಗೆ ಹೇಳಿ ಬಾರಾಟಾಂಗ್, ನಾರ್ತ್ ಬೇ ತೆಗೆಸಿದೆ. ಏಪ್ರಿಲ್ ಎರಡನೇ ಪಾಕ್ಷಿಕದಲ್ಲಿ ಏಳು ರಾತ್ರಿ, ನೀಲ್‌ನ ಎರಡು ದಿನ ಹುಣ್ಣಿಮೆಗೆ ಹೊಂದಿಸ್ತಾ ಇದ್ದೀನಿ. ಒಂದೇ ಅನುಮಾನ ಉಳೀತು. ಯಜಮಾನರಿಗೂ ಮಗಳಿಗೂ ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಮುಳುಗೋದು) ಮಾಡಿಸಬಹುದಾ?

ಶಿರಾ ಬಣ್ಣದ ಕೊಕ್ಕರೆ

ಮೊದಲ ಸಲದ ಸ್ಕೂಬಾಕ್ಕೆ ಸಾಮಾನ್ಯವಾಗಿ ಕನಿಷ್ಠ ವಯಸ್ಸು 10. ಹುಟ್ಟುಹಬ್ಬ ದಾಟಿದ್ದರೆ ಬಿಡ್ತಾರೆ. ಆದರೆ ಮಾಸ್ಕ್‌ನಲ್ಲಿ ನೀರು ಬಂದಾಗ ಗಾಬರಿ ಇಲ್ಲದೆ ತೆಗೆಯೋಕೆ ಬರುತ್ತಾ ಅನ್ನೋದು ವಯಸ್ಸಿಗಿಂತ ಮುಖ್ಯ. ಬೇಸನ್ ಅಭ್ಯಾಸದಲ್ಲೇ ಅದು ಗೊತ್ತಾಗುತ್ತೆ. ನೆಗಡಿ, ಕಿವಿ ನೋವು ಇದ್ರೆ ಆ ದಿನ ಬೇಡ, ಕಿವಿಯೊಳಗಿನ ಒತ್ತಡ ಸರಿಹೋಗದೆ ತಮಟೆಗೆ ಪೆಟ್ಟಾಗುತ್ತೆ. ಯಜಮಾನರಿಗೆ ಆಸ್ತಮಾ, ಬಿಪಿ ಇದ್ರೆ ಇಲ್ಲೇ ಡಾಕ್ಟರ್ ಕೇಳಿ. ಒಂದು ಸಲ ಮುಳುಗಿದ್ರೆ ವಿಮಾನ ಹತ್ತೋಕೆ ಕನಿಷ್ಠ 12 ಗಂಟೆ, ಹೆಚ್ಚು ಸಲ ಆದ್ರೆ 18 ಗಂಟೆ ಬಿಡುವು ಬೇಕು. ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗೋಕೆ ಅಷ್ಟು ಹೊತ್ತು ಹಿಡಿಯುತ್ತೆ. ಹ್ಯಾವ್‌ಲಾಕ್‌ನ ಮೊದಲ ಬೆಳಿಗ್ಗೆಯೇ ಇಟ್ಕೊಳ್ಳಿ, ಆಮೇಲೆ ಎರಡು ರಾತ್ರಿ ಹೇಗೂ ಇದೆ.